ಅವ್ವನ ಅಂಗೈ, ಬಾದಾಮಿಯ ಮಂಗ

ನಮ್ಮೂರು ಗುಡೂರಿನಲ್ಲಿ ಮಂಗಗಳತ್ತ ಕೈ ಎತ್ತಿದರೆ ಓಡಿಹೋಗುತ್ತವೆ. ಬಾದಾಮಿಯಲ್ಲಿ ಕೈ ಎತ್ತಿದರೆ ಹತ್ತಿರ ಬರುತ್ತವೆ. ನೌಕರಿಗೆಂದು ಇಲ್ಲಿಗೆ ಬಂದು ಮನೆ ಮಾಡಿದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಗುಹೆ ನೋಡಲು ಬಂದ ಮಂದಿ ಅಂಗೈ ಮೇಲೆ ಶೇಂಗಾ ಇಟ್ಟು ಚಾಚಿ, ಇನ್ನೊಂದು ಕೈಯಿಂದ ಫೋಟೊ ಹೊಡೆದುಕೊಂಡು, ಅವುಗಳನ್ನು ಚೆನ್ನಾಗಿ ತಯಾರು ಮಾಡಿದ್ದಾರೆ. ಕ್ಯಾರಿಬ್ಯಾಗಿನ ಸಪ್ಪಳ ಅವಕ್ಕೆ ಗೊತ್ತು, ಬಾಟಲಿಯ ಮುಚ್ಚಳ ತಿರುವುವುದು ಗೊತ್ತು. ಕನ್ನಡಕ ಕಿತ್ತುಕೊಂಡು ಕಟ್ಟೆ ಮೇಲೆ ಕೂತರೆ ಬಿಸ್ಕೀಟು ಬರುತ್ತದೆ, ಬಂದ ಮೇಲೆ ಕನ್ನಡಕ ಬಿಟ್ಟರಾಯಿತು ಎಂಬ ವ್ಯಾಪಾರವೂ ಗೊತ್ತು. ಹಾಗೆ ಸಿಕ್ಕಿಬಿದ್ದ ಪ್ರವಾಸಿಗರನ್ನು ಕಂಡು ನಾನು ಹೊಟ್ಟೆ ತುಂಬ ನಕ್ಕವನು.

ಹೋದ ಚಳಿಗಾಲದಲ್ಲಿ ಅವ್ವ ನಾಲ್ಕು ದಿನ ಇರಲೆಂದು ನಮ್ಮಲ್ಲಿಗೆ ಬಂದಳು. ಬರುವಾಗ ಅಮೀನಗಡದ ಕರದಂಟು ತಂದಿದ್ದಳು, ತಾನು ತಿನ್ನುವಂತಿಲ್ಲದಿದ್ದರೂ. ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸ್ನಾನ, ಇನ್ಸುಲಿನ್ ಸೂಜಿ, ಲಿಂಗಪೂಜೆ, ಆಮೇಲೆ ರೊಟ್ಟಿ. ಸೂಜಿ ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಬೇಗ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಪೂರಾ ಇಳಿದು ಜೀವಕ್ಕೇ ಕುತ್ತು. ಪೂಜೆ ಬೇಗನೇ ಮುಗಿಯುತ್ತಿದ್ದುದರಿಂದ ಅಲ್ಲಿಯವರೆಗೆ ತೊಂದರೆ ಆಗಿರಲಿಲ್ಲ.

ಅವತ್ತು ಥಂಡಿ ಇತ್ತು. ಬಿಸಿಲಿಗೆ ಕೂತು ಪೂಜೆ ಮಾಡುತ್ತೇನೆಂದು ಅವ್ವ ಮಾಳಿಗೆ ಹತ್ತಿದಳು. ನಾನೂ ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈ ಮೇಲಿಟ್ಟು, ವಿಭೂತಿ ಹಚ್ಚಿ, ಕೈಯನ್ನು ಕಣ್ಣೆದುರು ಹಿಡಿದು ಕುಳಿತಳು. ನಮಗೆ ಅದು ಪೂಜೆ. ನೀರಿನ ಟ್ಯಾಂಕಿನ ಮೇಲಿದ್ದ ಮಂಗಕ್ಕೆ ಅದು ಚಾಚಿದ ಅಂಗೈ, ಅದರ ಮೇಲೊಂದು ಕರಿ ಉಂಡೆ. ಇಳಿದು ಬಂತು, ಎತ್ತಿಕೊಂಡಿತು, ಹೋಗಿ ಮಾಳಿಗೆಯ ಅಂಚಿನ ಗೋಡೆ ಮೇಲೆ ಕೂತಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಿದ್ದಿದ್ದ ಇಟ್ಟಂಗಿ ಚೂರು ಎತ್ತಿದೆ.

"ಹೊಡೀಬ್ಯಾಡ ಯಪ್ಪಾ," ಅಂದಳು ಅವ್ವ. "ಹೆದರಿ ಗುಡ್ಡಾ ಹತ್ತಿತಂದ್ರ ಎಲ್ಲಿ ಹುಡಕ್ತಿ?"

ಮನೆಯ ಹಿಂದೆಯೇ ಗುಡ್ಡ. ಆ ಬಂಡೆಗಳ ಸಂದಿಯಲ್ಲಿ ಬಿದ್ದರೆ ಮುಗಿಯಿತು. ಚೂರು ಕೆಳಗಿಟ್ಟೆ. ಮಂಗ ವಿಭೂತಿ ನೆಕ್ಕಿತು, ಲಿಂಗವನ್ನು ಕಚ್ಚಿ ನೋಡಿ ಮುಖ ಸಿಂಡರಿಸಿತು. ಗುಡೂರಿನ ಮಂಗವಾಗಿದ್ದರೆ ಅಷ್ಟಕ್ಕೇ ಬಿಸಾಕುತ್ತಿತ್ತು. ಇದು ಬಿಸಾಕಲಿಲ್ಲ. ಹಿಡಿದುಕೊಂಡು ನಮ್ಮ ಮುಖ ನೋಡುತ್ತ ಕೂತಿತು. ನಾನು ಕೂಗಿದ್ದಕ್ಕೆ ಹೆಂಡತಿ ಬಾಳೆಹಣ್ಣು ತಂದಳು, ನಾನು ಅವಸರಕ್ಕೆ ಎಲ್ಲವನ್ನೂ ಒಮ್ಮೆಲೇ ಅದರ ಮುಂದೆ ಎಸೆದುಬಿಟ್ಟೆ. ಒಂದು ಕೈಯಲ್ಲಿ ಲಿಂಗ ಹಿಡಿದೇ ಹಲ್ಲಿನಿಂದ ಸಿಪ್ಪೆ ಸೀಳಿ ಆರಾಮಾಗಿ ತಿಂದಿತು.

ಅಷ್ಟರಲ್ಲಿ ಅವ್ವನ ಹಣೆ ಬೆವರಿತ್ತು. ಆ ಥಂಡಿಯಲ್ಲಿ ಬೆವರು. ಕೈ ನಡುಗುತ್ತಿದ್ದವು.

"ಯವ್ವಾ, ಸಕ್ರಿ ನೀರು ಕುಡಿ."

"ಮೈಮ್ಯಾಲ ಲಿಂಗ ಇಲ್ದ ಹನಿ ನೀರೂ ಒಲ್ಲೆ."

ಬೇಡಿಕೊಂಡೆ, ಬೈದೆ, ಕಾಲು ಹಿಡಿದೆ. ಮುಖ ತಿರುಗಿಸಿ ಕೂತಳು. ಕಣ್ಣೆದುರಿಗೇ ಅವ್ವ ಕೈಬಿಟ್ಟು ಹೋಗುತ್ತಾಳೆ ಅನ್ನಿಸಿತು.

ಹೆಂಡತಿ ಕೆಳಗೆ ಓಡಿಹೋಗಿ ಕರದಂಟಿನ ಡಬ್ಬಿಯನ್ನೂ ಸಕ್ಕರೆ ನೀರಿನ ಲೋಟವನ್ನೂ ತಂದಳು. "ನೀವು ಸುಮ್ಮ ನಿಂದರ್ರಿ," ಅಂದಳು ನನಗೆ. ಒಂದು ತುಂಡನ್ನು ಪ್ಲಾಸ್ಟಿಕ್ ಕಾಗದ ಬಿಚ್ಚದೆ, ಬೇಕಂತಲೇ ಚರಪರ ಸಪ್ಪಳ ಮಾಡಿ ಅಂಗೈ ಮೇಲಿಟ್ಟು ಚಾಚಿದಳು. ಮಂಗದ ಕಿವಿ ನೆಟ್ಟಗಾದವು. ಗೋಡೆಯ ಮೇಲೇ ಸರಿದು ಬಂದು ಗಬಕ್ಕನೆ ತೆಗೆದುಕೊಂಡಿತು. ಹಲ್ಲಿನಿಂದ ಎಳೆಯಿತು, ಕಾಗದ ಜಾರಿತು. ಅದನ್ನು ಬಿಚ್ಚಲು ಎರಡೂ ಕೈ ಬೇಕು, ಅದು ಬಾದಾಮಿಯ ಮಂಗಕ್ಕೆ ಚೆನ್ನಾಗಿ ಗೊತ್ತು. ಲಿಂಗವನ್ನು ಪಕ್ಕಕ್ಕಿಟ್ಟಿತು. ನಾನು ಜೀವಮಾನದಲ್ಲಿ ಅಷ್ಟು ಚುರುಕಾಗಿ ಕೈ ಹಾಕಿಲ್ಲ.

ಸಿಕ್ಕಿತು. ಹೆಂಡತಿ ಲಿಂಗವನ್ನು ತೊಳೆದು ಅವ್ವನ ಅಂಗೈ ಮೇಲಿಟ್ಟಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಲಿಂಗ ಉರುಳಿ ಬೀಳುವಂತಿತ್ತು. ಅದರ ಕೆಳಗೆ ನನ್ನ ಕೈ ಕೊಟ್ಟೆ. ಅವ್ವ ಒಂದೇ ಒಂದು ಪತ್ರಿ ಏರಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು, ಲೋಟಕ್ಕೆ ಬಾಯಿ ಹಚ್ಚಿದಳು.

ಗಟಗಟ ಕುಡಿದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ಅಂಥ ಹಗುರ ನನಗೆ ಹಿಂದೆಂದೂ ಆಗಿದ್ದಿಲ್ಲ. ಧೈರ್ಯ ಬಂದದ್ದೇ ಮಂಗಕ್ಕೆ ಬಾಯಿಗೆ ಬಂದಂತೆ ಬೈಯತೊಡಗಿದೆ.

"ಅದನ್ಯಾಕ ಬೈತಿ? ಕೈ ಚಾಚಿದಾಕಿ ನಾನಽ ಅಲ್ಲ?" ಅಂದಳು ಅವ್ವ. ಆಮೇಲೆ ಲೋಟದ ತಳ ನೋಡಿ ಸೊಸೆಯ ಕಡೆ ತಿರುಗಿದಳು. "ಎಷ್ಟು ಸಕ್ರಿ ಸುರುವಿ ಬೇ? ಹಿಂಗ ಕುಡಿಸಿದ್ರ ನನ್ನ ಸಕ್ರಿ ಏರೂದಿಲ್ಲೇನು?"

ಹೆಂಡತಿ ನಗು ತಡೆಯಲು ಸೆರಗು ಬಾಯಿಗೆ ಹಿಡಿದು ರೊಟ್ಟಿ ತರಲು ಇಳಿದಳು. ಅವ್ವನ ಬೈಗುಳ ಮುಂದುವರಿಯಿತು. ಅದು ನಿಲ್ಲದಿರಲಿ ಅಂದುಕೊಳ್ಳುತ್ತ ನಾನು ಖಾಲಿ ಲೋಟ ಹಿಡಿದು ಅವ್ವನ ಪಕ್ಕದಲ್ಲೇ ಕುಳಿತಿದ್ದೆ.