ಚೀಟಿಯಲ್ಲಿ ಇಲ್ಲದ ಹಾಡು

ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಕೊಟ್ಟು, ವಾರ ಕಾದು, ಹಾಡು ತುಂಬಿಸಿದ ಕ್ಯಾಸೆಟ್ಟು ತರುತ್ತಿದ್ದ ಕಾಲ ಅದು. ತೊಂಬತ್ತರ ದಶಕ. ನಮ್ಮೂರು ಸೇಲಂ ಸೀಮೆಯ ನಂಗವಳ್ಳಿಯ ಹತ್ತಿರ. ಅಪ್ಪ ಮೆಟ್ಟೂರಿನಲ್ಲಿ ಕೆಮಿಕಲ್ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದ. ಎಷ್ಟು ಒಗೆದರೂ ಅವನ ಅಂಗಿಯಿಂದ ಬ್ಲೀಚಿಂಗ್ ಪೌಡರಿನ ವಾಸನೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಟೇಪ್‌ರೆಕಾರ್ಡರಿನಲ್ಲೂ ತಮಿಳೇ.

ಕ್ಯಾಸೆಟ್ಟುಗಳೆಲ್ಲ ಅಕ್ಕನವು. ಚಕ್ಕುಲಿ ಡಬ್ಬಿಯಲ್ಲಿಟ್ಟಿದ್ದಳು. ಅವಳು ಪ್ಲಸ್ ಟೂ ಪಾಸಾಗಿದ್ದ ರಜೆ ಅದು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಯಾರೂ ಕಾಲೇಜು ಕಂಡಿರಲಿಲ್ಲ. ಅಕ್ಕ ಸೇಲಂ ಕಾಲೇಜಿನ ಅರ್ಜಿ ತುಂಬಿ, ಅಪ್ಪನ ಸಹಿಗಾಗಿ ದೇವರ ಪಟದ ಹಿಂದೆ ಇಟ್ಟಿದ್ದಳು. "ಸೋಮ್ವಾರ ಆಕ್ಕೊಡ್ತೀನಿ ಇರವ್ವ" ಎಂದು ಅವನು ಹೇಳಿಯೂ ಇದ್ದ.

ಭಾನುವಾರ ಮಧ್ಯಾಹ್ನ ನಮ್ಮದೊಂದು ಆಟ. ಕಣ್ಣು ಮುಚ್ಚಿ ಡಬ್ಬಿಯಿಂದ ಕ್ಯಾಸೆಟ್ಟು ತೆಗೆದು, ಎಲ್ಲಿಗೋ ಓಡಿಸಿ ನಿಲ್ಲಿಸುವುದು. ಬಂದ ಹಾಡಿನ ಬಗ್ಗೆ ತೆಗೆದವರು ಏನಾದರೂ ಹೇಳಬೇಕು, ಇಲ್ಲದಿದ್ದರೆ ಬೇಯಿಸಿದ ಕಡಲೆಕಾಯಿ ಇಲ್ಲ. ಹಾಡಿಗೆ ನಾವು ಪಾಟು ಅಂತಲೇ ಅನ್ನುತ್ತಿದ್ದದ್ದು. "ಈ ಪಾಟು ಕೇಳುದ್ರೆ ನಿದ್ದೆ ಬತ್ತೈತೆ" ಎಂದು ಪ್ರತಿ ಸಲ ಅದನ್ನೇ ಹೇಳಿ ಅವ್ವ ಬೊಗಸೆ ತುಂಬ ಗಿಟ್ಟಿಸುತ್ತಿದ್ದಳು. ಅಕ್ಕ ಮಾತ್ರ ಕೊಳಲು ಎಲ್ಲಿ ಸೇರಿತು, ಹಾಡುವವಳು ಎಲ್ಲಿ ಉಸಿರೆಳೆದಳು ಅಂತೆಲ್ಲ ಹೇಳುವಳು. ನನಗೆ ಒಂಬತ್ತು ವರ್ಷ. ಅವಳಂತೆ ಜಾಣೆ ಅನ್ನಿಸಿಕೊಳ್ಳುವ ಚಪಲ.

ಆ ಭಾನುವಾರ ಅಪ್ಪನೂ ಕೂತಿದ್ದ. ನನ್ನ ಕೈಗೆ ಹೊಸ ಕ್ಯಾಸೆಟ್ಟು ಬಂತು. ಟೇಪಿನ ಕೊನೆಗೆ ಓಡಿಸಿದೆ. ನೀನು ಬರುವ ದಾರಿಯಲ್ಲೇ ನಿಂತಿದ್ದೇನೆ ಎಂದು ಹುಡುಗನೊಬ್ಬ ಹುಡುಗಿಗೆ ಹೇಳುವ ಹಾಡು. ಏನು ಹೇಳುವುದೆಂದು ಹೊಳೆಯದೆ, ಗೊತ್ತಿದ್ದದ್ದನ್ನು ಹೇಳಿದೆ.

"ಇದು ಅಕ್ಕ ಬರ್ದ ಚೀಟಿಲಿ ಇರ್ಲಿಲ್ಲ. ಅಂಗ್ಡಿ ಅಣ್ಣ ತಾನಾಗೇ ಆಕ್ಕೊಟ್ಟವ್ನೆ."

ಕಡಲೆಕಾಯಿ ಸುಲಿಯುತ್ತಿದ್ದ ಅಪ್ಪನ ಕೈ ನಿಂತಿತು. "ಯಾರ್ಲೇ ಅವ್ನು?" ಎಂದು ಅಕ್ಕನನ್ನು ಕೇಳಿದ.

"ಯಾರೂ ಇಲ್ಲಪ್ಪ. ಟೇಪಲ್ಲಿ ಜಾಗ ಮಿಕ್ಕುದ್ರೆ ಅವ್ರೇ ಒಂದು ಪಾಟು ಆಕ್ತಾರೆ."

"ಕೇಳ್ದೆ ಇರೋದ ಯಾವನಾದ್ರೂ ಸುಮ್ನೆ ಕೊಟ್ಟಾನಾ? ನನ್ ಕಿವಿಗೆ ಊವ ಮಡುಗ್ಬ್ಯಾಡ."

"ಮಗ್ಳು ಯೋಳೋದ ಒಸಿ ಕೇಳಿ" ಎಂದಳು ಅವ್ವ. ಅವನು ಕೇಳಲಿಲ್ಲ. ನಾನೋ, ಮಹಾ ಜಾಣೆ, ನನ್ನ ಪಾಲಿನ ಕಡಲೆಕಾಯಿಗೆ ಕೈ ಚಾಚಿದ್ದೆ.

ಸೋಮವಾರ ಅರ್ಜಿ ಒಲೆಗೆ ಹೋಯಿತು. ಶುಭಕಾರ್ಯ ಮಾಡದ ಆಡಿ ತಿಂಗಳು ಕಳೆದದ್ದೇ ತಡ, ಪೆನ್ನಾಗರಂ ಕಡೆಯ ಸಂಬಂಧ ಗೊತ್ತುಮಾಡಿದರು.

ಮದುವೆಗೆ ಎಂಟು ದಿನವಿತ್ತು. ಅಕ್ಕನೂ ಅವ್ವನೂ ಸೀರೆ ತರಲು ಸೇಲಂಗೆ ಹೋಗಿದ್ದರು. ಎದುರುಮನೆಯವರು ಅದೇ ಅಂಗಡಿಯಲ್ಲಿ ತುಂಬಿಸಿ ತಂದ ಮುರುಗನ ಹಾಡುಗಳ ಕ್ಯಾಸೆಟ್ಟು ಹಾಕಿದರು. ದೇವರ ಹಾಡು ಮುಗಿದ ಮೇಲೆ, ಕೊನೆಯಲ್ಲಿ ಬಂತು: ಅದೇ ಹುಡುಗ, ಅದೇ ದಾರಿ. ಜಗಲಿಯಲ್ಲಿದ್ದ ಅಪ್ಪ ಕೇಳಿಸಿಕೊಂಡ. ನಾನೂ ಕೇಳಿಸಿಕೊಂಡೆ. ಅವನು ನನ್ನ ಮುಖ ನೋಡದೆ ಹೇಳಿದ:

"ನಿಮ್ಮಕ್ಕಂಗೆ ಯೋಳ್ಬ್ಯಾಡ. ಲಗ್ನಪತ್ರಿಕೆ ಅಂಚಾಗೈತೆ."

ಹೇಳಲಿಲ್ಲ. ಎಂಟು ವರ್ಷಗಳ ಮೇಲೆ ನನ್ನ ಕಾಲೇಜಿನ ಅರ್ಜಿಗೆ ಅಪ್ಪ ಓದದೆಯೇ ಸಹಿ ಹಾಕಿದ. ನಾಚಿಕೆಯಿಲ್ಲದೆ ಓದಿದೆ, ಕೆಲಸಕ್ಕೂ ಸೇರಿದೆ. ಈಗ ಫೋನಿನ ತುಂಬ ಹಾಡುಗಳು. ಒಂದರ ಬಗ್ಗೆಯೂ ಯಾರ ಹತ್ತಿರವೂ ಒಂದು ಮಾತಾಡಬೇಕು ಅನ್ನಿಸುವುದಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ ಅಕ್ಕನ ಮನೆಗೆ ಹೋಗಿದ್ದೆ. ಹುಣಸೆಬೀಜ ಬಿಡಿಸುತ್ತ ಕೂತಿದ್ದಳು. ಎದೆಯ ಭಾರ ಇಳಿಯಲಿ ಎಂದು ಎದುರುಮನೆಯ ಕ್ಯಾಸೆಟ್ಟಿನ ವಿಷಯ ಎಲ್ಲ ಹೇಳಿಬಿಟ್ಟೆ.

"ಮದ್ವೆಗೆ ಮುಂಚೇನಾ?" ಎಂದಳು.

"ಊಂ. ಎಂಟು ದಿನ ಮುಂಚೆ."

ಬಿಡಿಸಿದ ಬೀಜಗಳನ್ನು ಒಂದು ಕಡೆ ಸರಿಸಿದಳು. "ಪಾಪ, ಅಪ್ಪಂಗೆ ನಿಜ ಗೊತ್ತಾಗ್ಲಿಲ್ಲ ಅಂತ್ಲೇ ಇಷ್ಟು ವರ್ಸ ಅವ್ನ ಮೇಲೆ ಕ್ವಾಪ ಮಾಡ್ಕಳ್ದೆ ಇದ್ದೆ ಕಣೇ" ಎಂದಳು.

ಕಾಲೇಜು ಕಳೆದದ್ದು ಸಾಲದೆಂದು, ಅವಳಿಗೆ ಉಳಿದಿದ್ದ ಅಪ್ಪನನ್ನೂ ಕಳೆದವಳು ನಾನು.