ಸನ್ಮಾನ ಮಾಡಿ ಹೊರಗೆ ಕಳಿಸಿದ ಲಿಫ್ಟರ್

ವಾಲಿಬಾಲ್ ತಂಡದಿಂದ ನನ್ನನ್ನು ತೆಗೆದುಹಾಕಿದ್ದಾರೆಂದು ನನಗೆ ಗೊತ್ತಾದದ್ದು ತಲೆಯ ಮೇಲೆ ಮೈಸೂರು ಪೇಟ ಕೂತ ಮೇಲೆ.

ಕುವೈತಿನಲ್ಲಿ ನಮ್ಮ ಕಡೆಯವರದ್ದೊಂದು ತಂಡವಿದೆ. ಇಂಜಿನಿಯರುಗಳು, ಬ್ಯಾಂಕಿನವರು, ಒಬ್ಬರು ಹಲ್ಲಿನ ಡಾಕ್ಟರು. ಗುರುವಾರ ಸಂಜೆ ಒಂದು ಶಾಲೆಯ ಅಂಗಳದಲ್ಲಿ ಅಭ್ಯಾಸ, ಚಳಿಗಾಲದ ಶುಕ್ರವಾರಗಳಲ್ಲಿ ಪಂದ್ಯ. ಅದರಲ್ಲಿ ನಾನು ಬಹಳ ವರ್ಷ ಲಿಫ್ಟರ್ ಆಗಿದ್ದೆ. ಎದುರಿನಿಂದ ಬಂದ ಚೆಂಡನ್ನು ಹಿಂದಿನವರು ತಡೆದು ನೆಟ್ಟಿನ ಬಳಿ ನಿಂತ ಲಿಫ್ಟರನಿಗೆ ಕೊಡುತ್ತಾರೆ. ಅವನು ಬೆರಳ ತುದಿಯಿಂದ ಅದನ್ನು ಮೇಲಕ್ಕೆತ್ತುತ್ತಾನೆ. ಇನ್ನೊಬ್ಬ ಹಾರಿ ಹೊಡೆಯುತ್ತಾನೆ. ಚೆಂಡು ಹೊಡೆದವನಿಗೆ ಚಪ್ಪಾಳೆ, ಅದು ನೆಟ್ಟಿಗೆ ಬಿದ್ದರೆ ಎತ್ತಿದವನಿಗೆ ಬೈಗುಳ. ಕಾಲೇಜಿನಲ್ಲಿ ನಾನು ಕಾಯ್ದಿರಿಸಿದ ಲಿಫ್ಟರ್. ಅಂದರೆ ಮೂರು ವರ್ಷ ನೀರಿನ ಬಾಟಲಿಗಳನ್ನು ಕಾಯ್ದವನು. ಇಲ್ಲಿ ಬಂದ ಮೇಲೆ ಆಡಲು ಸಿಕ್ಕಿತು, ಏಕೆಂದರೆ ಆ ಜಾಗ ಬೇರೆ ಯಾರಿಗೂ ಬೇಕಿರಲಿಲ್ಲ.

ತಂಡದ ವಾರ್ಷಿಕ ಕೂಟ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ನಡೆಯಿತು. ನನ್ನ ಹೆಸರು ಕರೆದರು. ಎದ್ದು ಹೋದೆ. ಶಾಲು ಬಂತು, ಗಂಧದ ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ಕೊನೆಗೆ ಪೇಟ. ಕ್ಯಾಪ್ಟನ್ ಮೈಕು ಹಿಡಿದು, "ಇಷ್ಟು ವರ್ಷ ನಮ್ಮ ತಂಡಕ್ಕೆ ದುಡಿದ ಹಿರಿಯರು ಈಗ ನಿವೃತ್ತಿ ತಗೊಳ್ತಾ ಇದಾರೆ, ಎಲ್ಲರೂ ಎದ್ದು ನಿಂತು ಗೌರವಿಸಬೇಕು" ಎಂದ. ಎಲ್ಲರೂ ಎದ್ದರು. ಗಾಬರಿಯಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ಸಾಲದ್ದಕ್ಕೆ ಮೈಕು ಇಸಿದುಕೊಂಡು, ಕ್ಯಾಪ್ಟನ್ನನಿಗೆ ಋಣಿಯಾಗಿದ್ದೇನೆ ಎಂದು ಹೇಳಿ ಕೆಳಗಿಳಿದೆ.

ಕಾರಿನಲ್ಲಿ ಹೆಂಡತಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ನೀವ್ಯಾವಾಗ್ರೀ ರಿಟೈರ್ ಆಗಿದ್ದು? ನಂಗೊಂದು ಮಾತು ಹೇಳ್ಬಾರ್ದಾ?"

"ನಂಗೂ ಈಗ್ಲೇ ಗೊತ್ತಾಗಿದ್ದು."

"ಮತ್ತೆ ಅಷ್ಟುದ್ದ ಥ್ಯಾಂಕ್ಸ್ ಹೇಳಿದ್ರಲ್ಲ!"

ಕ್ಯಾಪ್ಟನ್ ನನಗಿಂತ ಒಂದು ವರ್ಷ ದೊಡ್ಡವನು. ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ, ಆರಡಿ ಎತ್ತರ, ಕೂದಲಿಗೆ ಬಣ್ಣ. ನನ್ನ ಜಾಗಕ್ಕೆ ಅವನದೇ ವಿಭಾಗದ, ಅವನ ಕೈಕೆಳಗಿನ ಒಬ್ಬ ಹೊಸ ಲಿಫ್ಟರ್ ಬಂದ. ಜಗಳವಾಡಿ ತೆಗೆದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಶಾಲು ಹೊದಿಸಿದವನನ್ನು ಏನೆಂದು ಬೈಯುವುದು? ನಮ್ಮವರಲ್ಲಿ ಇದೊಂದು ಕಲೆ. ಬೇಡವಾದವನನ್ನು ದಬ್ಬುವುದಿಲ್ಲ, ಪೇಟ ಇಟ್ಟು ಫೋಟೋ ತೆಗೆಸುತ್ತಾರೆ. ಆಮೇಲೆ ಅವನು ಆಡಲು ಬಂದರೆ ಅವನೇ ಮರ್ಯಾದೆಗೆಟ್ಟವನು.

ಮರೆತುಬಿಡೋಣ ಎಂದುಕೊಂಡೆ. ಮಗಳೂ ಹೇಳಿದಳು, "ಅಪ್ಪಾ, ಇಟ್ಸ್ ಜಸ್ಟ್ ಎ ಗೇಮ್." ಆದರೆ ಸ್ನಾನ ಮಾಡುವಾಗ, ನಾನು ಕೆಲಸ ಮಾಡುವ ಸಬ್ಹಾನಿನ ಕಾರ್ಖಾನೆಗೆ ಕಾರು ಓಡಿಸುವಾಗ, ಮೀಟಿಂಗಿನಲ್ಲಿ ತಲೆ ಆಡಿಸುವಾಗ, ಆ ಮೈಕಿನಲ್ಲಿ ನಾನು ಹೇಳಬೇಕಾಗಿದ್ದ ಮಾತುಗಳೇ ಬಾಯಿಗೆ ಬರುತ್ತಿದ್ದವು. ಬೆಳಿಗ್ಗೆ ದೇವರ ಮುಂದೆ ನಿಂತು "ಎಲ್ಲರನ್ನೂ ಚೆನ್ನಾಗಿಡಪ್ಪಾ" ಎಂದು ಬೇಡಿ, "ಒಬ್ಬನನ್ನು ಬಿಟ್ಟು" ಎಂದು ಸೇರಿಸುತ್ತಿದ್ದೆ. ಹೆಸರು ಹೇಳದೆ ಬೇಡಿದರೆ ದೇವರು ಆ ಒಬ್ಬ ನಾನೇ ಎಂದುಕೊಂಡಾನು ಎಂಬ ಭಯವಾಗಿ, ಮಾರನೆಯ ದಿನದಿಂದ ಹೆಸರು, ಬ್ಯಾಂಕು, ಶಾಖೆ ಎಲ್ಲ ವಿವರವಾಗಿ ಹೇಳತೊಡಗಿದೆ.

ಅಷ್ಟರಲ್ಲಿ ಬಲ ಭುಜ ನೋಯತೊಡಗಿತು. ನನಗೆ ಯಾವ ನೋವು ಬಂದರೂ ಮೊದಲು ಹೃದಯದ್ದು, ಆಮೇಲೆ ಕ್ಯಾನ್ಸರಿನದ್ದು, ಕೊನೆಗೆ ದಿಂಬಿನದ್ದು. ಜಾಬ್ರಿಯಾದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಭುಜ ತಿರುವಿದ ಫಿಸಿಯೋಥೆರಪಿಸ್ಟ್ ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ, ಇಲ್ಲಿ ವಾರದ ರಜೆಯಾದ ಶುಕ್ರವಾರ ಚರ್ಚಿನಿಂದ ನೇರ ವಾಲಿಬಾಲ್ ಅಂಗಳಕ್ಕೆ ಹೋಗುವವರು. ಒಂದು ಕಾಲಕ್ಕೆ ವಿಶ್ವವಿದ್ಯಾಲಯಕ್ಕೆ ಲಿಫ್ಟರ್ ಆಗಿ ಆಡಿದ್ದರಂತೆ. ಈಗ ಕರಾವಳಿಯವರ ತಂಡಕ್ಕೆ ಕೋಚ್. ಕೈ ಎತ್ತಿ ಇಳಿಸುವಷ್ಟರಲ್ಲಿ ನಾನು ಸನ್ಮಾನದ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದ್ದೆ.

"ಭುಜದಲ್ಲಿ ಎಂತ ಇಲ್ಲ ಮಾರಾಯ್ರೆ" ಎಂದರು ಅವರು. "ನಮ್ಮ ಲಿಫ್ಟರ್ ಕೆಲಸ ಬಿಟ್ಟು ದೋಹಾಕ್ಕೆ ಹೋದ. ನೀವು ಬರ್ತೀರಾ?"

"ನನಗೆ ವಯಸ್ಸಾಯ್ತಲ್ಲ."

"ಅದು ಕಾಣ್ತದೆ. ಬರ್ತೀರಾ ಇಲ್ವಾ?"

ಒಪ್ಪಿದೆ. ಆಟದ ಮೇಲಿನ ಪ್ರೀತಿಯಿಂದ ಎಂದು ಮನೆಯಲ್ಲಿ ಹೇಳಿದೆ. ನಿಜವಾಗಿ ಒಪ್ಪಿದ್ದು, ಚಳಿಗಾಲದ ಪಂದ್ಯಾವಳಿಯಲ್ಲಿ ಎರಡೂ ತಂಡ ಎದುರಾಗಬಹುದು, ಕ್ಯಾಪ್ಟನ್ನನನ್ನು ಎಲ್ಲರೆದುರು ಸೋಲಿಸಿ ಮನೆಗೆ ಕಳಿಸಬಹುದು ಎಂಬ ಒಂದೇ ಆಸೆಯಿಂದ. ಅದೊಂದಾದರೆ ಸಾಕು, ಮೊಣಕಾಲು ಆಮೇಲೆ ಏನಾದರೂ ಆಗಲಿ ಎಂದುಕೊಂಡೆ. ಹಾಗೆ ಅಂದುಕೊಂಡ ತಕ್ಷಣ ಮೊಣಕಾಲಿನ ಚಿಂತೆ ಶುರುವಾಗಿ ಎರಡು ಕಾಲಿಗೂ ಪಟ್ಟಿ ಕೊಂಡು ತಂದೆ.

ಮೊದಲ ದಿನವೇ ಕೋಚ್ ನನ್ನ ರೋಗ ಹಿಡಿದರು. ನಾನು ಚೆಂಡು ಎತ್ತಿದಾಗಲೆಲ್ಲ ಆಟ ನಿಲ್ಲಿಸಿ, ನನ್ನನ್ನು ಹಿಂದಿರುಗಿ ನೋಡಲು ಬಿಡದೆ ಕೇಳುತ್ತಿದ್ದರು: "ಈಗ ಯಾರು ಖಾಲಿ ಇದ್ರು? ಯಾರ ಎದುರು ಬ್ಲಾಕ್ ಇರ್ಲಿಲ್ಲ, ತಡೀಲಿಕ್ಕೆ ಯಾರೂ ಹಾರಿರ್ಲಿಲ್ಲ?"

ನನಗೆ ಗೊತ್ತಿರುತ್ತಿರಲಿಲ್ಲ.

"ಗೊತ್ತಿಲ್ಲದೆ ಹೇಗೆ ಕೊಟ್ರಿ?"

"ಅವರು ಕೇಳಿದ್ರು, ಕೊಟ್ಟೆ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಲಿಫ್ಟ್ ಮಾಡಿದ್ದು ಹಾಗೆಯೇ. ಕಷ್ಟದ ಪಾಯಿಂಟು ಬಂದರೆ ಚೆಂಡು ಕ್ಯಾಪ್ಟನ್ನನಿಗೆ, ಏಕೆಂದರೆ ಅವನು ಕಿರುಚುತ್ತಾನೆ. ಅವನಿಗೆ ಎರಡು ಸಲ ಕೊಟ್ಟ ಮೇಲೆ ಒಂದು ಸಲ ಜೆರ್ಸಿ ಹೊಲಿಸಿಕೊಟ್ಟವರಿಗೆ. ಹಲ್ಲಿನ ಡಾಕ್ಟರಿಗೆ ಆಗಾಗ, ಹಲ್ಲು ಯಾರಿಗಿಲ್ಲ. ಚೆನ್ನಾಗಿ ಹೊಡೆಯುತ್ತಿದ್ದ, ಆದರೆ ಊರಿಂದ ಹೊಸದಾಗಿ ಬಂದ ಕಂಪ್ಯೂಟರಿನವನಿಗೆ ಉಳಿದದ್ದು. ಹುದ್ದೆ ನೋಡಿ ಎಲೆ ಹಾಕಿ ಬಡಿಸಿದ ಹಾಗೆ ಚೆಂಡು ಬಡಿಸಿದ್ದೆ.

"ಇದೆಂತ ಆಫೀಸಾ?" ಎಂದರು ಕೋಚ್. "ನಿಮ್ಮ ಕೈ ಚೆನ್ನಾಗುಂಟು. ಕಣ್ಣು ಚಾಕರಿ ಮಾಡ್ತಾ ಉಂಟು."

ಬೇಸಿಗೆ ಪೂರ್ತಿ ದುಡಿಸಿದರು. ಬೆರಳು ಗಟ್ಟಿಯಾಗಲೆಂದು ಬ್ಯಾಸ್ಕೆಟ್‌ಬಾಲ್ ಕೊಟ್ಟು, ಗೋಡೆಗೆ ಎತ್ತಿ ಹಾಕಿ ಹಾಕಿ ಹಿಡಿಯಲು ಹೇಳಿದರು. ಹೊರಗೆ ಬೆಂಕಿಯಂಥ ಬಿಸಿಲು, ಆದ್ದರಿಂದ ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ಎತ್ತುತ್ತಿದ್ದೆ. ಬಿಲ್ಡಿಂಗಿನ ಕಾವಲುಗಾರ ಈಜಿಪ್ಟಿನವನು, ಧಡ್ ಧಡ್ ಸದ್ದಿಗೆ ಇಳಿದು ಬಂದು, "ಖಲಾಸ್, ಯಾ ಹಾಜಿ, ಖಲಾಸ್!" ಎಂದು, ಸಾಕು ನಿಲ್ಲಿಸಿ ಹಿರಿಯರೇ ಎನ್ನುವಂತೆ, ಕೈ ಮುಗಿಯುತ್ತಿದ್ದ. ಗೋಡೆಯ ಮೇಲೆ ಒಂದು ಕಲೆ ಇತ್ತು. ಅದಕ್ಕೆ ನಾನು ಕ್ಯಾಪ್ಟನ್ನನ ಹಣೆ ಎಂದು ಹೆಸರಿಟ್ಟಿದ್ದೆ. ಅಭ್ಯಾಸ ತಪ್ಪಿಸಿದ ದಿನವೇ ಇಲ್ಲ.

ಚೆಂಡು ನನ್ನ ಕಡೆ ಬರುತ್ತಿರುವಾಗಲೇ ಒಮ್ಮೆ ನೆಟ್ಟಿನಾಚೆ ನೋಡಿಬಿಡುವುದನ್ನು ಕಲಿತೆ. ಯಾರು ಹಾರಲು ಮೊಣಕಾಲು ಬಗ್ಗಿಸಿದ್ದಾರೆ, ಯಾರು ಬೆವರು ಒರೆಸುತ್ತಿದ್ದಾರೆ. ಕಾಲೇಜಿನಲ್ಲಿ ಇಷ್ಟು ಹೊತ್ತು ಇರುತ್ತಿರಲಿಲ್ಲ, ಚೆಂಡು ಬಂತು ಅನ್ನುವಷ್ಟರಲ್ಲಿ ಕೈಗೆ ಬಿದ್ದಿರುತ್ತಿತ್ತು. ಈಗ ಕಾಲು ನಿಧಾನವಾಗಿದ್ದರೂ ಚೆಂಡೂ ನಿಧಾನವಾಗಿ ಬರುತ್ತಿರುವಂತೆ ಕಂಡಿತು. ಚಿಂತೆ ಮಾಡುವವನಿಗೆ ಒಂದು ಅನುಕೂಲವಿದೆ: ಏನೇನು ಕೆಡಬಹುದು ಎಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ. ಎದುರಿನವರ ಬಗ್ಗೆಯೂ ಹಾಗೇ ಯೋಚಿಸತೊಡಗಿದೆ. ಮೊದಲ ಪಂದ್ಯಗಳಲ್ಲೇ ನಮ್ಮ ಹೊಡೆಯುವವರು ಖಾಲಿ ನೆಟ್ಟಿನ ಮೇಲೆ ಹೊಡೆದು, ಆಶ್ಚರ್ಯದಿಂದ ನನ್ನನ್ನು ನೋಡಿದರು.

ಸೆಮಿಫೈನಲ್ಲಿನಲ್ಲಿ ಹಳೆಯ ಕ್ಯಾಪ್ಟನ್ನನ ತಂಡವೇ ಸಿಕ್ಕಿತು.

ನೆಟ್ಟಿನ ಬಳಿ ಕೈ ಕುಲುಕುವಾಗ ಅವನು ನಕ್ಕ. "ಏನ್ ಗುರೂ, ಸನ್ಮಾನ ಆದ್ಮೇಲೂ ಆಡ್ತಿದೀಯ? ಆ ಪೇಟಕ್ಕಾದ್ರೂ ಮರ್ಯಾದೆ ಬೇಡ್ವಾ?"

ಬೇಸಿಗೆಯೆಲ್ಲ ಉತ್ತರಗಳನ್ನು ತಯಾರು ಮಾಡಿಟ್ಟುಕೊಂಡಿದ್ದವನು, "ಚೆನ್ನಾಗಿದೀರಾ?" ಎಂದೆ. ಒಂದು ವರ್ಷ ದೊಡ್ಡವನಲ್ಲವೆ.

ಮೊದಲ ಸೆಟ್ ಹೀನಾಯವಾಗಿ ಸೋತೆವು. ಅದಕ್ಕೆ ನಾನೊಬ್ಬನೇ ಕಾರಣ. ಎತ್ತಿ ಕೊಡಬೇಕಾದ ಚೆಂಡನ್ನು ನಾನೇ ಮೆಲ್ಲಗೆ ನೆಟ್ಟಿನಾಚೆ, ಅವನ ಕಾಲಬುಡಕ್ಕೆ ಹಾಕುತ್ತಿದ್ದೆ. ನನ್ನ ಕೈಯಿಂದಲೇ, ಅವನ ಮುಂದೆಯೇ ಬೀಳಬೇಕು. ಒಂದು ಸಲ ಬಿತ್ತು. ಆಮೇಲೆ ಅವನು ಕಾದು ನಿಂತು ಎತ್ತಿಕೊಳ್ಳತೊಡಗಿದ, ಅವನ ಕಡೆಯವರೆಲ್ಲ ನಕ್ಕರು.

ಸೆಟ್ ಮುಗಿದಾಗ ಕೋಚ್ ನನ್ನ ಪಕ್ಕ ಕೂತರು. ಬೈಯಲಿಲ್ಲ. "ನಿಮ್ಮ ಕ್ಯಾಪ್ಟನ್ ಯಾರು?"

ನಾನು ನಮ್ಮ ಕ್ಯಾಪ್ಟನ್ನನನ್ನು ತೋರಿಸಿದೆ.

"ಮತ್ತೆ ಬಾಲ್ ಎಲ್ಲ ಆಚೆ ಬದಿಯ ಕ್ಯಾಪ್ಟನ್ನಿಗೇ ಕೊಡ್ತಾ ಇದ್ದೀರಲ್ಲ? ಮೊದಲು ಅವರ ಬದಿಯಲ್ಲಿ ನಿಂತು ಕೊಡ್ತಿದ್ರಿ. ಈಗ ಎದುರು ನಿಂತು ಕೊಡ್ತಿದ್ದೀರಿ. ನಿಮ್ಮ ಚಾಕರಿ ಬಿಡ್ಲಿಲ್ಲ ಮಾರಾಯ್ರೆ."

ಆ ಮಾತು ಪೇಟಕ್ಕಿಂತ ಹೆಚ್ಚು ಚುಚ್ಚಿತು. ಎರಡನೆಯ ಸೆಟ್ಟಿಗೆ ಇಳಿದಾಗ ನನ್ನ ಸಿಟ್ಟು ಹೋಗಿರಲಿಲ್ಲ; ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ತಣ್ಣಗಾಗಿತ್ತು, ಅಷ್ಟೇ. ತಣ್ಣಗಾದ ಮೇಲೆ ಅದು ಕೆಲಸಕ್ಕೆ ಬಂತು.

ಎದುರಿನ ಕ್ಯಾಪ್ಟನ್ನನ ಬಗ್ಗೆ ನನಗೆ ಗೊತ್ತಿದ್ದದ್ದು ಎರಡು. ಒಂದು, ಯಾರು ಜೋರಾಗಿ ಕಿರುಚುತ್ತಾರೋ ಅವರ ಎದುರು ಚೆಂಡು ತಡೆಯಲು ಹಾರುತ್ತಾನೆ. ಕಿರುಚಿದವನಿಗೇ ಚೆಂಡು ಸಿಗುವುದು ನ್ಯಾಯ ಎಂದು ನಂಬಿರುವವನು. ನಮ್ಮ ಕ್ಯಾಪ್ಟನ್ನನಿಗೆ ಹೇಳಿದೆ, "ನೀವು ಸುಮ್ನೆ ಕೂಗ್ತಾ ಇರಿ. ಬಾಲ್ ಬರಲ್ಲ." ಅವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಯಂತ್ರಗಳ ಸದ್ದಿನ ನಡುವೆ ಕೆಲಸ ಮಾಡುವವರು, ಗಂಟಲಿಗೆ ಕೊರತೆಯಿಲ್ಲ. "ನಂಗೆ! ನಂಗೆ!" ಎಂದು ಎಡಗಡೆಯಿಂದ ಕೂಗಿದರು. ಎದುರಿನ ಕ್ಯಾಪ್ಟನ್ ಎರಡೂ ಕೈ ಎತ್ತಿ ಅಲ್ಲಿಗೆ ಹಾರಿದ. ನಾನು ತಿರುಗದೆ ತಲೆಯ ಹಿಂದಕ್ಕೆ ಎತ್ತಿದೆ. ಬಲಗಡೆ ಯಾರೂ ಇಲ್ಲದ ಜಾಗದಲ್ಲಿ ನಮ್ಮ ಬಾಯಿಲ್ಲದ ಅಕೌಂಟೆಂಟ್ ನಿಧಾನವಾಗಿ ಹೊಡೆದ. ಕ್ಯಾಪ್ಟನ್ ಇನ್ನೂ ಗಾಳಿಯಲ್ಲೇ ಇದ್ದ. ಅವನು ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಅದನ್ನೇ ಮತ್ತೆ ಮಾಡಿದೆ. ಮತ್ತೆ ಹಾರಿದ. ಮತ್ತೆ ಮಾಡಿದೆ. ಐವತ್ತರ ಮೊಣಕಾಲು ಪ್ರತಿ ಸಲ ಕೆಳಗಿಳಿಯುವಾಗ ಏನು ಹೇಳುತ್ತದೆಂದು ನನಗೂ ಗೊತ್ತು. ಮರುಕ ಬರಲಿಲ್ಲ. ಲೆಕ್ಕಕ್ಕಿಂತ ಎರಡು ಸಲ ಹೆಚ್ಚೇ ಹಾರಿಸಿದೆ.

ಎರಡನೆಯದು, ಕಷ್ಟ ಬಂದರೆ ಅವರ ಚೆಂಡು ಅವನಿಗೇ ಹೋಗುತ್ತದೆ. ಹೊಸ ಲಿಫ್ಟರ್ ಒಮ್ಮೆ ಧೈರ್ಯ ಮಾಡಿ ಬೇರೆಯವನಿಗೆ ಕೊಟ್ಟು ಪಾಯಿಂಟು ತಂದ. ಅಷ್ಟಕ್ಕೇ ಕ್ಯಾಪ್ಟನ್, "ಲೋ, ನಾನ್ ಇಲ್ಲಿ ಕತ್ತೆ ಕಾಯ್ತಿದೀನಾ? ನಂಗ್ ಕೊಡೋ!" ಎಂದು ಗದರಿದ. ಆ ಲಿಫ್ಟರನ ಮುಖ ನೋಡಿದೆ. ರಜೆ ಮುಗಿದ ಬೆಳಿಗ್ಗೆ ಬ್ಯಾಂಕಿಗೆ ಹೋಗಬೇಕಾದವನ ಮುಖ ಅದು. ಇನ್ನು ಮೇಲೆ ಕೊಡುತ್ತಾನೆ ಎಂದು ಖಾತ್ರಿಯಾಗಿ ನಮ್ಮಲ್ಲಿ ಇಬ್ಬರನ್ನು ಕ್ಯಾಪ್ಟನ್ನನ ಎದುರೇ ನಿಲ್ಲಿಸಿದೆ. ಕೊಟ್ಟ. ನಮ್ಮವರ ಕೈಗೆ ಬಡಿದು ಚೆಂಡು ಅವನ ಕಡೆಯೇ ಬಿತ್ತು. ಮತ್ತೆ ಕೊಟ್ಟ. ಮತ್ತೆ ಬಿತ್ತು. ನೋಡುವವರು ಹೋ ಎಂದರು. ಅವರಲ್ಲಿ ನನಗೆ ಎದ್ದು ನಿಂತು ಗೌರವ ಕೊಟ್ಟಿದ್ದವರೂ ಇದ್ದರು.

ಎರಡನೆಯ ಸೆಟ್ ನಮ್ಮದಾಯಿತು. ಮೂರನೆಯ ಸೆಟ್ಟಿನ ಕೊನೆಯ ಪಾಯಿಂಟಿನಲ್ಲಿ ಚೆಂಡು ನನ್ನ ಬೆರಳಿಗೆ ಬಂದಾಗ ಎದುರಿನ ಕ್ಯಾಪ್ಟನ್ ಸುಸ್ತಾಗಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ನೆಟ್ಟಿನ ಮುಂದೆ ತಟ್ಟೆಯಷ್ಟು ಜಾಗ ಖಾಲಿ. ಸುಮ್ಮನೆ ದಾಟಿಸಿದ್ದರೆ ನನ್ನ ಕೈಯಿಂದಲೇ, ಅವನ ಕಣ್ಣೆದುರೇ ಬೀಳುತ್ತಿತ್ತು. ಬಾಯಲ್ಲಿ ನೀರೂರಿತು. ಆದರೆ ಬಲಗಡೆ ಅಕೌಂಟೆಂಟನ ಎದುರು ಇಡೀ ಅಂಗಳವೇ ಖಾಲಿಯಿತ್ತು. ಕೈ ನನ್ನನ್ನು ಕೇಳದೆ ಅತ್ತ ಎತ್ತಿತು. ಗೆದ್ದೆವು. ಎಲ್ಲರೂ ಅಕೌಂಟೆಂಟನ್ನು ಹೊತ್ತುಕೊಂಡು ಕುಣಿದರು.

ಸಂಜೆ ಫೈನಲ್ಲಿನಲ್ಲಿ ನಾವು ಸೋತೆವು. ನನಗೆ ಅದರ ಬೇಸರ ಅಷ್ಟಾಗಲಿಲ್ಲ.

ರಾತ್ರಿ ಬಿರಿಯಾನಿ ಹೊತ್ತಿಗೆ ಹಳೆಯ ಕ್ಯಾಪ್ಟನ್ ಕುಂಟುತ್ತ ಬಂದು, ಎಲ್ಲರೆದುರು ನನ್ನ ಹೆಗಲ ಮೇಲೆ ಕೈ ಹಾಕಿದ. "ಇವ್ನು ನಮ್ಮ ಹುಡುಗ ಕಣ್ರೀ. ನಾವ್ ತಯಾರ್ ಮಾಡಿದ್ದು. ಗುರೂ, ಆಗಿದ್ದಾಯ್ತು, ಮುಂದಿನ ಸೀಸನ್ ನಮ್ ಕಡೆಗೇ ಬಂದ್ಬಿಡು. ಆ ಹೊಸಬ್ನ ಕೈಲಿ ಆಗಲ್ಲ."

ಕರಾವಳಿಯವರಿಗೇ ಆಡುತ್ತೇನೆಂದು ನಾನು ಕೋಚ್‌ಗೆ ಮಧ್ಯಾಹ್ನವೇ ಮಾತು ಕೊಟ್ಟಾಗಿತ್ತು. "ಬರಲ್ಲ" ಎನ್ನಲು ಬಾಯಿ ತೆರೆದೆ. ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಹಾಗೆ ಕಾಯುವ ಮುಖವನ್ನು ನಾನು ಅವನಲ್ಲಿ ಹಿಂದೆಂದೂ ನೋಡಿರಲಿಲ್ಲ.

"ಯೋಚನೆ ಮಾಡ್ತೀನಿ" ಎಂದೆ.

ಈಗ ವಾರಕ್ಕೊಮ್ಮೆಯಾದರೂ ಅವನ ಫೋನು ಬರುತ್ತದೆ. ಮನೆಯವರು ಹೇಗಿದ್ದಾರೆ, ಭುಜ ಹೇಗಿದೆ, ಎಲ್ಲ ಕೇಳುತ್ತಾನೆ. ಮೊನ್ನೆ, ತಂಡದ ಆಟಗಾರರ ಹೆಸರು ಕೊಡಬೇಕು, ಲಿಫ್ಟರನ ಜಾಗ ನಿನಗೇ ಇಟ್ಟಿದ್ದೇನೆ, ಬೇರೆ ಯಾರನ್ನೂ ನೋಡಿಲ್ಲ ಎಂದ.

"ಇಟ್ಟಿರಿ, ಇಟ್ಟಿರಿ" ಎಂದೆ. "ಇನ್ನೊಂದು ಸ್ವಲ್ಪ ಯೋಚನೆ ಇದೆ."

ಹೆಂಡತಿ ಅಡುಗೆಮನೆಯಿಂದ ಕೇಳಿಸಿಕೊಂಡು ಹೊರಗೆ ಬಂದಳು. "ಹೋಗಲ್ಲ ಅಂತ ಹೇಳ್ಬಿಡ್ಬಾರ್ದೇನ್ರೀ? ಪಾಪ, ಕೊನೇ ಗಳಿಗೇಲಿ ಅವ್ರಿಗೆ ಯಾರ್ ಸಿಗ್ತಾರೆ? ಅನ್ಯಾಯ ಅಲ್ವಾ?"

"ಹೌದು ಕಣೇ, ಅನ್ಯಾಯ" ಎಂದು ಮೊಣಕಾಲಿನ ಪಟ್ಟಿ ಏರಿಸಿಕೊಂಡು ಕರಾವಳಿಯವರ ಅಭ್ಯಾಸಕ್ಕೆ ಹೊರಟೆ.