ಎರಡೂ ಕಡಿಂದ ಓದುವ ಮುಖಪುಟ

ಮೊನ್ನೆ ಟಪಾಲಿಗೆ ಬಂದ ಮಾಸಪತ್ರಿಕಿನ ಮೊಮ್ಮಗಳು ಹಿಂದಿನ ಪುಟದಿಂದ ತಿರುವಲಿಕತ್ತಿದ್ಲು. "ಏ, ಮುಂದಿಂದ ಓದು" ಅಂತ ಗದರಿಸಿದೆ. ಹೊಸಾ ಮಸಿ ವಾಸನಿ ಮೂಗಿಗೆ ಬಡೀತು. ಅಗಸಿ ಎಣ್ಣ್ಯಾಗ ಕಲಸಿದ ಬಣ್ಣದ ವಾಸನಿ ಹಂಗೇ... ಶಹಾಬಾದದ ನಮ್ಮ ಎದುರುಮನಿ ಚಾಚಾ ನೆನಪಾದ್ರು.

ಚಾಚಾ ಅಂಗಡಿ ಬೋರ್ಡ್ ಬರೀತಿದ್ರು. ನಿಜಾಮರ ಕಾಲ, ಬೋರ್ಡಿನ ಮ್ಯಾಲ ಉರ್ದು ಬೇಕೇ ಬೇಕು. ಕೆಲವರು ಕೆಳಗ ಕನ್ನಡಾನೂ ಬರಸ್ತಿದ್ರು. ಚಾಚಾಗ ಕನ್ನಡ ಮಾತು ಬರ್ತಿತ್ತು, ಓದು ಬರ್ತಿರಲಿಲ್ಲ. ನಾ ಪಾಟಿ ಮ್ಯಾಲ ಬರದು ಕೊಟ್ಟದ್ದು ನೋಡಿಕೋತ ತಿದ್ದತಿದ್ರು. ಬಲಗಡಿಂದ ಬರಿಯೋ ಉರ್ದು ಮುಗದ ಮ್ಯಾಲ ಬೋರ್ಡಿನ ಎಡಕ್ಕ ಸರದು ಕುಂತು, "ನಿಮ್ಮ ಅಕ್ಷರ ನಮ್ಮ ಅಕ್ಷರಕ್ಕ ಎದುರು ಬರ್ತಾವ ಬೇಟಿ, ಸಲಾಂ ಮಾಡಲಿಕ್ಕ" ಅಂತ ನಗತಿದ್ರು.

ನಮ್ಮ ಓಣ್ಯಾಗ ಅಕ್ಕೋರೊಬ್ರು ಹೆಣ್ಣುಮಕ್ಕಳಿಗೆ ಕನ್ನಡ ಶಾಲಿ ನಡಸ್ತಿದ್ರು. ನಾವು ಹುಡುಗ್ಯಾರು ಕೂಡಿ ಕೈಲೇ ಬರದು ಒಂದು ಪತ್ರಿಕಿ ಮಾಡಿದ್ವಿ. ಅದರಾಗ ಸರಕಾರದ ವಿರುದ್ಧ ಏನೋ ಅದ ಅಂತ ಯಾರೋ ಚಾಡಿ ಹೇಳಿದ್ರು. ಶಾಲಿ ತಪಾಸಣಿ ಸಾಹೇಬರು ಬರ್ತಾರ ಅಂತ ಸುದ್ದಿ ಬಂತು. ನಮ್ಮಪ್ಪ ಮೊದಲೇ ಅಂಜುಬುರುಕ. "ಸಾಹೇಬ್ರು ಹೂಂ ಅಂದ್ರ ಶಾಲಿ. ಇಲ್ಲಂದ್ರ ನಾಳಿಂದ ಬೀಸಲಿಕ್ಕ ಕುಂದರು" ಅಂದುಬಿಟ್ಟ. ನಾ ಅಳಕೋತ ಚಾಚಾನ ಕಡಿ ಓಡಿದೆ.

"ಸಾಹೇಬ್ರಿಗೆ ಕನ್ನಡ ಬರ್ತದೇನು?" ಅಂತ ಕೇಳಿದ್ರು. ಇಲ್ಲಂದೆ. "ಹಂಗಾದ್ರ ಅವರು ಓದೋದು ಮುಖಪುಟ ಒಂದೇ. ತಾ ಇಲ್ಲಿ."

ಮರುದಿನ ಮುಖಪುಟ ತಯಾರಿತ್ತು. ಎಡಕ್ಕ ಕೆಂಪು ಲಂಗದ ಹುಡುಗಿ ಬೀಸುಕಲ್ಲಿನ ಮುಂದ ಕುಂತಾಳ. ನಡುವ ಒಂದು ಹೊಸ್ತಿಲ. ಬಲಕ್ಕ ಅದೇ ಹುಡುಗಿ, ಅದೇ ಕೆಂಪು ಲಂಗ, ಕೈಯಾಗ ಪಾಟಿ. ನಾ ಕುಣದಾಡಿದೆ. ಅಪ್ಪ ಮಾತ್ರ ಹೌಹಾರಿದ. "ಬೀಸೋದು ಬಿಟ್ಟು ಹೊಸ್ತಿಲ ದಾಟಿ ಹೋಗು ಅಂತದಲ್ಲ ಇದು! ಸಾಹೇಬ್ರು ಸುಮ್ಮನ ಬಿಡ್ತಾರೇನು?"

ಬದಲಿ ಮಾಡಲಿಕ್ಕ ವ್ಯಾಳ್ಯಾ ಎಲ್ಲಿತ್ತು? ಸಾಹೇಬರ ಟಾಂಗಾ ಶಾಲಿ ಬಾಗಲಿಗೆ ಬಂದಿತ್ತು. ಸಾಹೇಬರು ಒಳಗಿನ ಹಾಳಿ ತಿರುವಿದ್ರು, ಏನೂ ತಿಳೀಲಿಲ್ಲ. ಮುಖಪುಟಕ್ಕ ಬಂದ್ರು. ಬಲಕ್ಕಿದ್ದ ಪಾಟಿ ಮ್ಯಾಲ ಬೆರಳಿಟ್ರು, ಹೊಸ್ತಿಲ ದಾಟಿಸಿದ್ರು, ಎಡಕ್ಕ ಬೀಸುಕಲ್ಲಿನ ಮ್ಯಾಲ ನಿಲ್ಲಿಸಿದ್ರು.

"ವಾಹ್! ಪಢೀ-ಲಿಖೀ, ಫಿರ್ ಭೀ ಚಕ್ಕೀ ನಹೀಂ ಭೂಲೀ!" ಓದಿ ಬರದು ಮನಿಗೆ ಬಂದು ಬೀಸಲಿಕ್ಕ ಕುಂತಾಳ, ಹೆಣ್ಣು ಅಂದ್ರ ಹಿಂಗಿರಬೇಕು ಅಂತ ಹೊಗಳಿ, ಸಹಿ ಹಾಕಿ ಹೋದ್ರು.

ಅಬಬಬ! ಏನ್ ತಲಿ ಅಂತೀನಿ! ಚಿತ್ರ ಒಂದೇ... ಸಾಹೇಬರು ಉರ್ದು ಓದಿದಂಗ ಬಲಗಡಿಂದ ಓದಿದ್ರು, ನಾವು ಕನ್ನಡ ಓದಿದಂಗ ಎಡಗಡಿಂದ. ಅಪ್ಪ ಹೋಗಿ ಚಾಚಾನ ಬಣ್ಣದ ಕೈ ಹಿಡಕೊಂಡ.

"ಚಾಚಾ, ನೀವು ಚಿತ್ರ ಯಾ ಕಡಿಂದ ತೆಗದಿದ್ರಿ?" ಅಂತ ಕೇಳಿದೆ.

"ನಿನ್ನ ಕಡಿಂದ, ಬೇಟಿ."

ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಮುಗದ ವರ್ಷ, ಆ ಗದ್ದಲದಾಗ ಎದುರುಮನಿಗೆ ಕೀಲಿ ಬಿತ್ತು. ಚಾಚಾ ವಾಡಿ ಜಂಕ್ಷನ್ನಿಗೆ ಹೋಗಿ ರೈಲು ಹತ್ತಿದ್ರು ಅಂದ್ರು ಮಂದಿ. ಅಲ್ಲಿಂದ ಯಾ ಕಡಿಗೆ ಹೋದ್ರೋ... ಭಾಳ ವರ್ಷ ಕೇಳಿದ್ವಿ, ಗೊತ್ತಾಗಲಿಲ್ಲ. ಮುಂದ ನಾನೂ ಅದೇ ಶಾಲ್ಯಾಗ ಅಕ್ಕೋರಾದೆ. ಮೊದಲನೇ ದಿನ ಬೇಕಂತಲೇ ಕೆಂಪು ಸೀರಿ ಉಟ್ಟು, ಪಾಟಿ ಹಿಡಕೊಂಡು ಹೊಸ್ತಿಲ ದಾಟಿದೆ. ಚಾಚಾಗ ತೋರಸಬೇಕಂತ ಎದುರುಮನಿ ಕಡಿ ನೋಡಿದ್ರ, ಕೀಲಿ ತುಕ್ಕು ಹಿಡದಿತ್ತು.

"ಅಜ್ಜೀ, ಯಾಕ ಅಳಲಿಕತ್ತಿ? ಮುಂದಿಂದೇ ಓದ್ತೀನಿ ಬಿಡು" ಅಂದ್ಲು ಮೊಮ್ಮಗಳು.

"ಬ್ಯಾಡವ್ವಾ" ಅಂದೆ. "ಯಾ ಕಡಿಂದಾದ್ರೂ ಓದು."